ತೆಗೆದ ಫಿಲಂಗಳೆಲ್ಲ ಎಲ್ಲಿ ಹೋದವು

ಮದ್ದೂರಿನಲ್ಲಿ ನಾನು ರವಿಕೆ ಹೊಲಿಸುವ ಟೈಲರ್ ಒಬ್ಬರಿದ್ದಾರೆ. ಕತ್ತು, ತೋಳು, ಬೆನ್ನು ಎಂದು ಬೇರೆ ಬೇರೆ ಅಳತೆಯ ಮಾದರಿಗಳನ್ನು ಕತ್ತರಿಸಿ ಗೋಡೆಯ ಮೊಳೆಗೆ ನೇತುಹಾಕಿರುತ್ತಾರೆ. ಒಮ್ಮೆ ಅದರಲ್ಲೊಂದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನೋಡಿದರೆ ಯಾರದೋ ಪಕ್ಕೆಲುಬು! ಇಸಿದುಕೊಂಡು ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಬಲ ಎಡ ತಿಳಿಯಲು ಇಡುವ ಸೀಸದ ಅಕ್ಷರದ ಗುರುತು, ಕೊಂಚ ಓರೆಯಾಗಿ. ಹಾಗೆ ಓರೆಯಾಗಿ ಅಂಟಿಸುವ ಚಾಳಿ ನನ್ನದೇ.

"ಇದು ನಾನು ತೆಗೆದ ಎಕ್ಸ್‌ರೇ ಕಣ್ರೀ" ಎಂದೆ.

ಟೈಲರ್ ಗಾಬರಿಯಾಗಲಿಲ್ಲ. "ಅರಿಯಕ್ಕಿಲ್ಲ, ಮುದುರಕ್ಕಿಲ್ಲ. ಇಂತಾ ಆಳೆ ಈಗ ಎಲ್ಲೂ ಸಿಕ್ಕಲ್ಲ ಕಣಕ್ಕ. ಇನ್ನೊಂದೆರಡು ಇದ್ರೆ ತಂದ್ಕೊಡಿ" ಎಂದು ನನಗೇ ಕೆಲಸ ಹಚ್ಚಿದರು.

ನಾನು ಎಕ್ಸ್‌ರೇ ಟೆಕ್ನೀಷಿಯನ್ ಆಗಿದ್ದವಳು. ಕೊತ್ತತ್ತಿಯಲ್ಲಿ ಹುಟ್ಟಿ, ಮಂಡ್ಯದಲ್ಲಿ ಓದಿ, ಮಳವಳ್ಳಿ ಕಡೆ, ಮದ್ದೂರಿನ ಕಡೆ ಎಂದು ಊರೂರು ತಿರುಗಿ, ಜನರ ಎದೆ, ಸೊಂಟ, ಮೊಣಕಾಲುಗಳನ್ನು ನೋಡುತ್ತಲೇ ನಿವೃತ್ತಳಾದೆ. ನನ್ನ ಹೆಸರು ರತ್ನ ಎಂಬುದು ಸಂಬಳದ ಪಟ್ಟಿಗಷ್ಟೇ ಗೊತ್ತು. ಹಳ್ಳಿಯವರಿಗೆ ನಾನು ಫೋಟೋದಕ್ಕ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಗುಂಡಿ ಒತ್ತುತ್ತಾರೆ; ರೋಗಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಚಿತ್ರ ಡಾಕ್ಟರ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಫಿಲಂ ಇಲ್ಲ, ಕವರಿಲ್ಲ, ಕೆಲವು ಕಡೆ ಚೀಟಿಯೂ ಇಲ್ಲ, ಎಲ್ಲ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ಹಳೆಯದೇ ಚೆಂದವಿತ್ತು ಎಂದು ಗೊಣಗಲು ನಾನು ಇದನ್ನು ಬರೆಯುತ್ತಿಲ್ಲ. ಡಾರ್ಕ್ ರೂಮಿನಲ್ಲಿ ಫಿಲಂ ಅದ್ದುವ ಹೈಪೋ ದ್ರಾವಣದ ವಾಸನೆಯನ್ನು ದಿನವಿಡೀ ಕುಡಿದವರು ಯಾರೂ ಹಾಗೆ ಗೊಣಗುವುದಿಲ್ಲ.

ನನಗಿದ್ದದ್ದು ಒಂದೇ ಕುತೂಹಲ. ನಾವು ತೆಗೆದು, ತೊಳೆದು, ಒಣಗಿಸಿ, ಕಂದು ಕವರಿನಲ್ಲಿಟ್ಟು ಕೊಟ್ಟ ಫಿಲಂಗಳು ಆಮೇಲೆ ಎಲ್ಲಿ ಹೋಗುತ್ತವೆ? ಮತ್ತೆ ಬಂದ ರೋಗಿಗಳನ್ನೆಲ್ಲ ಕೇಳುತ್ತಿದ್ದೆ. "ಹೋದ ಸಲದ್ದು ಎಲ್ಲಿಟ್ರಿ?" ಉತ್ತರ ಕೇಳಿ ಕೇಳಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಕೊಟ್ಟಿಗೆಯ ಕಿಟಕಿಗೆ ಗಾಜಿನ ಬದಲು ಹೊಡೆದಿದ್ದೇವೆ. ಗ್ರಹಣ ನೋಡಲು ಇಟ್ಟಿದ್ದೇವೆ, ಊರವರೆಲ್ಲ ಸರದಿಯ ಮೇಲೆ ನಮ್ಮ ಮಾವನ ಸೊಂಟದೊಳಗಿಂದಲೇ ಸೂರ್ಯನನ್ನು ನೋಡಿದರು. ಒಬ್ಬ ಹೆಂಗಸಂತೂ ರಂಗೋಲಿ ಅಚ್ಚು ಮಾಡಿಕೊಂಡಿದ್ದಳು. ಗ್ರಹಣವನ್ನು ಫಿಲಮ್ಮಿನಲ್ಲಿ ನೋಡಿದರೆ ಕಣ್ಣಿಗೆ ಕೇಡು ಎಂದು ಆ ಮಾವನ ಮನೆಯವರನ್ನು ನಾನು ಬೈದು ಕಳಿಸಿದ್ದೆ. ಮುಂದಿನ ಗ್ರಹಣಕ್ಕೆ ಮುಂಚೆ ಅದೇ ಮನೆಯವರು ಬಂದು ಇನ್ನೊಂದು ಫಿಲಂ ಸಿಗುತ್ತದಾ ಎಂದು ಕೇಳಿದರು.

ನನಗೆ ಕೆಲಸ ಕಲಿಸಿದವರು ರಾಮಲಿಂಗಯ್ಯನವರು. ಮಳವಳ್ಳಿ ಕಡೆಯ ಮೊದಲ ಆಸ್ಪತ್ರೆಯಲ್ಲಿ ಅವರು ಹಿರಿಯ ಟೆಕ್ನೀಷಿಯನ್, ನಾನು ಏನೂ ತಿಳಿಯದ ಹೊಸಬಳು. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಫಿಲಂ ಮೊದಲು ಒಂದು ತೊಟ್ಟಿಯಲ್ಲಿ ಮುಳುಗಿ ಚಿತ್ರ ಮೂಡಬೇಕು, ಎರಡನೆಯದರಲ್ಲಿ ಆ ಚಿತ್ರ ನಿಲ್ಲಬೇಕು, ಕೊನೆಗೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಗೋಡೆಯಲ್ಲಿ ಗಡಿಯಾರವಿತ್ತು, ಆದರೆ ಅವರು ಅದನ್ನು ನಂಬುತ್ತಿರಲಿಲ್ಲ. ಅವರ ಲೆಕ್ಕವೆಲ್ಲ ಎಲೆ ಅಡಿಕೆಯಲ್ಲಿ. ಒಂದು ಸಲ ಹಾಕಿಕೊಂಡ ಎಲೆ ಅಡಿಕೆ ಜಗಿದು ಮುಗಿದು ಉಗಿಯುವವರೆಗೆ ಫಿಲಂ ನೀರಿನಲ್ಲಿರಬೇಕು. ನಾನು ಎಲೆ ಹಾಕುವವಳಲ್ಲವಲ್ಲ, ಅವರು ಜಗಿಯುವುದನ್ನೇ ನೋಡುತ್ತ ನಿಂತಿರಬೇಕಿತ್ತು.

ನೀರಿಗೆ ಬೇಸಗೆಯಲ್ಲಿ ತತ್ವಾರ. ಒಂದು ದಿನ ನಾನು ಬೇಗ ಎತ್ತಿಬಿಡೋಣ ಎಂದಾಗ ಅವರು ಬಾಯಲ್ಲಿ ರಸ ತುಂಬಿಕೊಂಡೇ ಗದರಿಸಿದರು: "ಬುಡು ಅದ್ನ ಅಲ್ಲೇ. ಇವತ್ತು ನೋಡಕ್ಕೆ ಚೆಂದಾಗೇ ಇರ್ತದೆ. ಸರ್ಯಾಗಿ ತೊಳೀದಿದ್ರೆ ನಾಕು ವರ್ಸಕ್ಕೆ ಅರಿಶಿನ ಬಳ್ದಂಗಾಯ್ತದೆ."

"ನಾಲ್ಕು ವರ್ಷ ಯಾರು ಇಟ್ಕೋತಾರೆ ಸಾರ್, ಕೊಟ್ಟಿಗೆ ಕಿಟಕಿಗೆ ಹೊಡೀತಾರೆ" ಎಂದೆ.

"ಒಡ್ಕಳ್ಳಿ. ಕಿಟ್ಕಿನಾದ್ರೂ ಚೆಂದಾಗಿರ್ಲಿ ಕಣಮ್ಮ" ಎಂದರು.

ಈ ಮಾತನ್ನು ಮುಂದೆ ಎಷ್ಟು ಸಲ ನೆನೆದುಕೊಂಡೆನೋ ಲೆಕ್ಕವಿಲ್ಲ.

ಆಗಲೇ ಬಂದವಳು ಆತಗೂರಿನ ಕಡೆಯ ಚಿಕ್ಕತಾಯಮ್ಮ. ಕಂಕುಳಲ್ಲಿ ಹಲ್ಲು ಬರುತ್ತಿದ್ದ ಗಂಡುಮಗು, ಬಿಡದ ಕೆಮ್ಮು, ಜೊತೆಗೆ ಕಾವಲಿಗೆ ಅತ್ತೆ. ತವರು ಮಳವಳ್ಳಿ ಕಡೆಯಾದ್ದರಿಂದ ಅಲ್ಲಿಗೆ ಬಂದಿದ್ದಳು. ಎದೆಯ ಎಕ್ಸ್‌ರೇಗೆ ಲೋಹವೇನೂ ಅಡ್ಡ ಇರಬಾರದು, ತಾಳಿ ತೆಗೆದಿಡಿ ಎಂದೆ. ಹೊಸಬಳು ಅಂದೆನಲ್ಲ, ಅದನ್ನು ಹೇಳುವ ರೀತಿ ನನಗಿನ್ನೂ ಗೊತ್ತಿರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತು ಕೂಗಿದರು: "ತಾಳಿ ಬಿಚ್ಚಕ್ಕೆ ನೀನ್ಯಾರವ್ವ? ಕೆಮ್ಮಿದ್ರೆ ಕೆಮ್ಮಲಿ, ಬಿಚ್ಚಕ್ಕಿಲ್ಲ."

ನಮ್ಮ ಕಡೆಯ ಹೆಂಗಸರ ಜೊತೆ ಈ ಜಗಳ ದಿನಾ ಇದ್ದದ್ದೇ. ಕೆಲವರು ತಾಳಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು, ಕೆಲವರು ಭುಜದ ಮೇಲಿಂದ ಬೆನ್ನಿಗೆ ಎಸೆದುಕೊಳ್ಳುತ್ತಿದ್ದರು. ಚಿಕ್ಕತಾಯಮ್ಮ ಎಡಭುಜದ ಮೇಲೆ ಎಳೆದುಕೊಂಡಳು. ಅದು ಪೂರ್ತಿ ಹಿಂದಕ್ಕೆ ಹೋಗಲಿಲ್ಲ. ಫಿಲಂ ತೊಳೆದಾಗ ಭುಜದ ಹತ್ತಿರ ಎರಡು ಬೊಟ್ಟುಗಳು ಬೆಳ್ಳಗೆ ಬಿದ್ದಿದ್ದವು, ಒಂದು ಗುಂಡಗೆ, ಇನ್ನೊಂದು ಸೊಟ್ಟಗೆ. ರಾಮಲಿಂಗಯ್ಯನವರು "ಎದೆ ಫೋಟೋ ತಗಿ ಅಂದ್ರೆ ಒಡವೆ ಫೋಟೋ ತಗ್ದಿದ್ದೀಯಲ್ಲ ತಾಯಿ" ಎಂದು ಮುಖ ಸಿಂಡರಿಸಿದರು. ಸೊಟ್ಟ ಯಾಕೆ ಎಂದು ನನಗೆ ಕುತೂಹಲ. ಕೇಳಿದರೆ ಚಿಕ್ಕತಾಯಮ್ಮ ಮಗುವಿನ ಬಾಯಿ ತೋರಿಸಿದಳು. ಹಲ್ಲು ಬರುವ ಕಡಿತಕ್ಕೆ ಮಗು ಬೊಟ್ಟನ್ನು ಕಚ್ಚಿ ಕಚ್ಚಿ ಬಾಗಿಸಿಬಿಟ್ಟಿತ್ತು. ಡಾಕ್ಟರು ಫಿಲಂ ನೋಡಿ, ಔಷಧಿ ಬರೆದು, ಗಾಬರಿಯಾಗುವಂಥದ್ದೇನಿಲ್ಲ ಎಂದು ಕಳಿಸಿದರು. ಕೆಮ್ಮು ವಾಸಿಯಾಯಿತು.

ಆ ಕಾಲದ ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತೇನು. ನಮ್ಮ ಆಸ್ಪತ್ರೆಗೆ ತಪಾಸಣೆಗೆಂದು ದೊಡ್ಡ ಸಾಹೇಬರೊಬ್ಬರು ಬಂದರು. ಅವರ ಹೆಸರು ಬೇಡ. ಡಾರ್ಕ್ ರೂಮಿನ ಬಾಗಿಲು ನೂಕಿ, "ಏನಮ್ಮಾ ಇದು, ಕತ್ತಲಲ್ಲಿ ಕೂತ್ಕೊಂಡು ಸರ್ಕಾರಿ ಕೆಲಸ ಮಾಡ್ತೀರಾ?" ಎಂದು ತಾವೇ ಟ್ಯೂಬ್‌ಲೈಟ್ ಹಾಕಿದರು. ಮೇಜಿನ ಮೇಲೆ ಹೊಸ ಫಿಲಂ ಡಬ್ಬಿ ತೆರೆದಿತ್ತು. ಅಷ್ಟೂ ಫಿಲಂ ಬೆಳಕು ಬಿದ್ದು ಹಾಳಾಯಿತು. ರಾಮಲಿಂಗಯ್ಯನವರು ಬಾಯಲ್ಲಿದ್ದದ್ದನ್ನು ಗುಟುಕ್ಕನೆ ನುಂಗಿದರು. ಅವರು ಎಲೆ ಅಡಿಕೆ ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಹೇಬರು ವರದಿಯಲ್ಲಿ ಬೆಳಕಿನ ವ್ಯವಸ್ಥೆ ಸುಧಾರಿಸಬೇಕು ಎಂದು ಬರೆದು ಹೋದರಂತೆ.

ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮೀಟರ್ ನೋಡಿಕೊಳ್ಳುತ್ತಿದ್ದವರೊಬ್ಬರು ಮಣಿಕಟ್ಟು ತೋರಿಸಲು ಬಂದಿದ್ದರು. ಅವರಿಗೂ ನನ್ನಂಥದ್ದೇ ಕಾಯಿಲೆ, ಎಲ್ಲ ವಿಷಯದಲ್ಲೂ ಕುತೂಹಲ. ನಮ್ಮ ಮೆಷಿನ್ನಿನ ವೋಲ್ಟೇಜು ಕೇಳಿ ತಿಳಿದುಕೊಂಡು, ಬದಲಿಗೆ ತಮ್ಮ ಕೆಲಸ ಹೇಳಿದರು. ದೋಸೆಯಂಥ ದುಂಡನೆಯ ಕಾಗದ ಇಡೀ ದಿನ ನಿಧಾನಕ್ಕೆ ತಿರುಗುತ್ತದೆ, ಅದರ ಮೇಲೆ ಪೆನ್ನು ತಾನಾಗಿಯೇ ಗೆರೆ ಎಳೆಯುತ್ತದೆ, ಎಷ್ಟು ಕರೆಂಟು ಹೋಯಿತೆಂದು ಅದರಿಂದ ಗೊತ್ತಾಗುತ್ತದೆ. "ಈಗ ಅದ್ನೂ ತಗೀತಾರಂತೆ, ಕಂಪ್ಯೂಟರ್ ಬತ್ತದಂತೆ. ಅಳೇ ಕಾಗ್ದ ಓದೋದು ನಮ್ಗೇ ಗೊತ್ತು. ನಾವು ರಿಟೈರ್ ಆದ್ಮೇಲೆ ಯಾರಾದ್ರೂ ಕೇಳಕ್ ಬಂದ್ರೆ ಚಾ ಕೊಟ್ಟು ಯೋಳ್ಕೊಡ್ತೀನಿ" ಎಂದರು. ಯಾರಾದರೂ ಹೋಗಿ ಕೇಳಿದರೋ ಇಲ್ಲವೋ ತಿಳಿಯದು. ನಾನೇ ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಮಗೂ ಕಂಪ್ಯೂಟರ್ ಬಂತು. ಮೊದಲು ಡಾರ್ಕ್ ರೂಮು ಹೋಯಿತು, ಅಲ್ಲಿ ಪೊರಕೆ ಬಕೆಟ್ಟು ಬಂದು ಕೂತವು. ಸ್ಕ್ಯಾನ್ ಸೆಂಟರುಗಳು ಸಿ.ಡಿ. ಕೊಡಲು ಶುರುಮಾಡಿದವು. ರೋಗಿಗಳಿಗೆ ಸಿ.ಡಿ. ಎಂದರೆ ಸಿನಿಮಾ, "ಇದ್ನ ಟೀವಿಗೆ ಆಕುದ್ರೆ ನಮ್ಮವ್ವ ಕಾಣ್ತಾಳಾ?" ಎಂದು ಒಬ್ಬ ನನ್ನನ್ನು ಕೇಳಿದ್ದ. ಆಮೇಲೆ ಸಿ.ಡಿ. ಹಾಕುವ ಬಾಯಿಯೇ ಇಲ್ಲದ ಕಂಪ್ಯೂಟರುಗಳು ಬಂದವು. ನಾನು ಕೊನೆಗೆ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಮೊದಲ ಡಿಜಿಟಲ್ ಮೆಷಿನ್ ಹೋಗಿ ಬೇರೆ ಕಂಪನಿಯದು ಬಂದಾಗ, ಹಳೆಯ ಚಿತ್ರಗಳನ್ನು ಹೊಸದು ಓದಲಿಲ್ಲ. ಹಳೆಯ ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ಕೂತಿತು. ಅದರೊಳಗೆ ಸುತ್ತಮುತ್ತಲ ಹಳ್ಳಿಗಳ ಎದೆಗಳೆಲ್ಲ ಇದ್ದವು, ತೆರೆಯುವವರಿರಲಿಲ್ಲ. ನಾನು ಅದರ ಮೇಲೆ ಕಾಲಿಟ್ಟು ಕೂರುತ್ತಿರಲಿಲ್ಲ, ಯಾಕೋ ಮನಸ್ಸು ಬರುತ್ತಿರಲಿಲ್ಲ.

ನಿವೃತ್ತಿ ಹತ್ತಿರವಾದಾಗ ಮತ್ತೆ ಚಿಕ್ಕತಾಯಮ್ಮ ಬಂದಳು. ತಲೆ ನರೆತಿತ್ತು. ನಾನು ಗುರುತು ಹಿಡಿಯಲಿಲ್ಲ, ಅವಳೇ ಹಿಡಿದಳು. "ಫೋಟೋದಕ್ಕ ಅಲ್ವಾ ನೀನು? ನಮ್ಮತ್ತೆ ಕೈಲಿ ಬೈಸ್ಕೊಂಡಿದ್ಯಲ್ಲ." ಮತ್ತೆ ಕೆಮ್ಮು. ಎಕ್ಸ್‌ರೇ ತೆಗೆದೆ, ಈ ಸಲ ತಾನೇ ತಾಳಿಯನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಚಿತ್ರ ಪರದೆಯ ಮೇಲೆ ಬಂದಾಗ ನಾನು ಬಗ್ಗಿ ನೋಡಿದೆ. ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಅವರೆಕಾಳಿನಷ್ಟು ದುಂಡನೆಯ ಬಿಳಿ ಚುಕ್ಕೆ.

ನಮ್ಮ ಡಾಕ್ಟರು ಸುಮಾ ಎಂಬ ಚಿಕ್ಕ ವಯಸ್ಸಿನವರು. ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಡ್ಡೆ ಇರಬಹುದು, ಎದೆಗೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು, ಅದಾದ ಮೇಲೆ ಆಪರೇಷನ್ ಮಾಡಬೇಕಾದೀತು ಎಂದು ಹೇಳಿ ದಿನ ಕೊಟ್ಟರು. ಚಿಕ್ಕತಾಯಮ್ಮ ಅಲ್ಲಿಂದ ನೇರವಾಗಿ ನನ್ನ ರೂಮಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ನಾನು ಓಗಕ್ಕಿಲ್ಲ ಕಣಕ್ಕ. ನಮ್ಮವ್ವನ್ನೂ ಇಂಗೇ ಕುಯ್ಯಕ್ ಕರ್ಕೊಂಡೋಗಿದ್ರು. ಎಣ ತಂದ್ರು. ಮನೇಲಿ ಯೋಳಿಲ್ಲ, ನಿನ್ಗೊಬ್ಳಿಗೇ ಯೋಳ್ತಾವ್ನಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಅವಳನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. ಯೋಚಿಸಿ ಒಂದು ಮಾತು ಕೇಳಿದರು: "ಇವರದ್ದು ಹಳೇ ಎಕ್ಸ್‌ರೇ ಯಾವುದಾದ್ರೂ ಇದ್ಯಾ? ಈ ಚುಕ್ಕೆ ಮುಂಚೆಯಿಂದ್ಲೂ ಇದ್ದು, ಬೆಳೀದೇ ಇಷ್ಟೇ ಇದ್ರೆ, ಅದು ಹಳೇ ಗಾಯದ ಕಲೆ. ಮೈಸೂರಿನವರ ಹತ್ರ ನಾನೇ ಮಾತಾಡ್ತೀನಿ. ಇಲ್ದಿದ್ರೆ ಸೂಜಿ ಹಾಕಿಸಿಕೊಳ್ಳಲೇಬೇಕಮ್ಮ, ಹೆದರಿ ಕೂತ್ಕೊಂಡ್ರೆ ಆಗಲ್ಲ."

ನನ್ನ ತಲೆಯಲ್ಲಿ ತಟ್ಟನೆ ಒಡವೆ ಫೋಟೋ ಹೊಳೆಯಿತು. "ನಾನು ತೆಗ್ದಿದ್ದೀನಿ" ಎಂದೆ. ಅದರಲ್ಲಿ ಚುಕ್ಕೆ ಇತ್ತೋ ಇಲ್ಲವೋ, ಬೊಟ್ಟುಗಳ ಹೊರತು ನನಗೇನೂ ನೆನಪಿರಲಿಲ್ಲ.

ಮರುದಿನವೇ ರಜೆ ಹಾಕಿ ಚಿಕ್ಕತಾಯಮ್ಮನ ಜೊತೆ ಬಸ್ಸು ಹತ್ತಿದೆ. ಅವರದ್ದು ಆಲೆಮನೆ ಇರುವ ಮನೆ. ಕಬ್ಬಿನ ಹಾಲು ಕುದಿಯುವ ಹಬೆಯ ನಡುವೆ ಅವಳ ಗಂಡ ಮರಿಗೌಡರು ಕೊಪ್ಪರಿಗೆ ಕಾಯುತ್ತಿದ್ದರು. ಹಳೆಯ ಫಿಲಂ ಎಂದು ಕೇಳಿದರೆ ತಲೆ ಕೆರೆದುಕೊಂಡರು. "ಎಕ್ಸ್‌ರೇನಾ? ಮಂಡ್ಯದಲ್ಲಿ ಸ್ಕ್ಯಾನ್ ಮಾಡ್ಸಿದ್ದೊಂದು ಸಿ.ಡಿ. ಇತ್ತು, ಬನ್ನಿ" ಎಂದು ಹಿಂದಿನ ಹೊಲಕ್ಕೆ ಕರೆದೊಯ್ದರು. ಅವಳು ಬಿದ್ದು ಭುಜ ನೋವಾದಾಗ ಮಾಡಿಸಿದ್ದಂತೆ. ರಾಗಿಗೆ ಗುಬ್ಬಿ ಬೀಳದಂತೆ ದಾರ ಕಟ್ಟಿ ಸಿ.ಡಿ.ಗಳನ್ನು ನೇತುಹಾಕಿದ್ದರು, ಗಾಳಿಗೆ ಫಳಫಳ ಹೊಳೆಯುತ್ತಿದ್ದವು. ಹೆಂಡತಿಯದು ಯಾವುದೆಂದು ಮರಿಗೌಡರಿಗೆ ಗುರುತಿತ್ತು. ಬಿಸಿಲಿಗೆ ಅದರ ಬೆಳ್ಳಿ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು ಆಚೆ ಬದಿಯ ರಾಗಿ ತೆನೆ ಅದರ ಮೂಲಕ ಕಾಣುತ್ತಿತ್ತು.

ನನಗೆ ಅಳು ಬರುವಂತಾಯಿತು. ಮರಿಗೌಡರು ನೀರು ಕುಡಿಯಿರಿ ಎಂದು ಆಲೆಮನೆಗೆ ವಾಪಸ್ಸು ಕರೆದುಕೊಂಡು ಬಂದರು. ಅಲ್ಲಿ ಅವಳ ಮಗ, ಅದೇ ಬೊಟ್ಟು ಕಚ್ಚಿದ ಮಗು, ಈಗ ಮೀಸೆಯ ಗಂಡಸು, ಬೆಲ್ಲದ ಮೂಟೆಗಳಿಗೆ ಗುರುತು ಹಾಕುತ್ತಿದ್ದ. ಮಂಡಿಗೆ ಹೋಗುವ ಮೂಟೆ ಯಾರದೆಂದು ತಿಳಿಯಲು ಪ್ರತಿ ಆಲೆಮನೆಗೂ ಒಂದು ಗುರುತಿರುತ್ತದೆ. ಇವರದು ಎರಡು ಗರಿಯ ಕಬ್ಬಿನ ಜಲ್ಲೆ. ಆ ಆಕಾರ ಕೊರೆದ ಹಾಳೆಯನ್ನು ಮೂಟೆಯ ಮೇಲಿಟ್ಟು, ನೀಲಿ ಬಣ್ಣದ ಬಟ್ಟೆ ಒತ್ತಿ ಎತ್ತುತ್ತಿದ್ದ. ಹಾಳೆ ಎತ್ತಿದಾಗ ಅಂಚಿನಲ್ಲಿ ಬೆಳಕು ಹಾಯಿತು.

"ಅದೇನಪ್ಪಾ ಹಾಳೆ?" ಎಂದೆ.

"ಗುರ್ತಿನ ಆಳೆ ಕಣತ್ತೆ. ಅಪ್ಪ ಯಾವ್ ಕಾಲ್ದಲ್ಲೋ ಮಾಡಿದ್ದು."

ಕಿತ್ತುಕೊಂಡೆ ಎಂದೇ ಹೇಳಬೇಕು. ನಡುವೆ, ಹೃದಯ ಇರಬೇಕಾದ ಜಾಗದಲ್ಲಿ ಕಬ್ಬಿನ ಜಲ್ಲೆ ಕೊರೆದಿತ್ತು. ಹೆಸರಿದ್ದ ಮೂಲೆ ಕತ್ತರಿಸಿ ಹೋಗಿತ್ತು. ಉಳಿದದ್ದರ ಮೇಲೆ ವರ್ಷಗಳ ನೀಲಿ ಬಣ್ಣ ದಪ್ಪಗೆ ಕೂತಿತ್ತು. "ಮಡಗಿದ್ದು ಎಲ್ಡು. ನಮ್ಮವ್ವಂದೊಂದು, ಇವ್ಳದೊಂದು. ಒಂದು ಇಲಿ ತಿಂದೋಯ್ತು. ಇದು ಯಾರ್ದೋ ಕಾಣೆ" ಎಂದರು ಮರಿಗೌಡರು.

ಮಗ ಬೈಕಿನಿಂದ ಚೂರು ಪೆಟ್ರೋಲು ಹಿಡಿದು ತಂದ. ನಾನು ಬಟ್ಟೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ಮೊದಲು ಒಂದು ಪಕ್ಕೆಲುಬು ಬಂತು, ಆಮೇಲೆ ಕೊರಳೆಲುಬು. ಡಾರ್ಕ್ ರೂಮಿನ ತೊಟ್ಟಿಯಲ್ಲಿ ಚಿತ್ರ ಮೂಡುವುದನ್ನು ನೋಡುತ್ತಿದ್ದ ಹಾಗೇ ಉಸಿರು ಬಿಗಿಹಿಡಿದು ಒರೆಸಿದೆ. ಎಡಭುಜದ ಹತ್ತಿರ ಬಟ್ಟೆ ಆಡಿಸಿದಾಗ ಎರಡು ಬೆಳ್ಳನೆಯ ಬೊಟ್ಟು ಕಂಡವು. ಒಂದು ಗುಂಡಗೆ, ಒಂದು ಸೊಟ್ಟಗೆ.

ಚಿಕ್ಕತಾಯಮ್ಮ ಬಗ್ಗಿ ನೋಡಿ, ತನ್ನ ಕೊರಳಿನ ತಾಳಿ ಎತ್ತಿ ಫಿಲಮ್ಮಿನ ಪಕ್ಕ ಹಿಡಿದಳು. ಸೊಟ್ಟ ಸೊಟ್ಟ ಸರಿಯಾಗಿತ್ತು. ಆಮೇಲೆ ಗಂಡನ ಕಡೆ ತಿರುಗಿದಳು. "ನನ್ ಎದೆ ಕೊಯ್ದು ಬೆಲ್ಲದ ಮೂಟೆಗೆ ಒಡೀತಿದ್ದಲ್ಲ, ನಿನ್ ಮನೆ ಕಾಯ್ವೋಗ!" ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಬಲಗಡೆಯ ಮೇಲ್ಭಾಗದ ಬಣ್ಣ ಇನ್ನೂ ಉಳಿದಿತ್ತು. ಅಲ್ಲಿ ಒರೆಸಲು ನನ್ನ ಕೈ ಏಳಲಿಲ್ಲ. ಚುಕ್ಕೆ ಇಲ್ಲದಿದ್ದರೆ? "ನಾಳೆ ಡಾಕ್ಟರಮ್ಮನ ಮುಂದೇನೇ ಒರೆಸ್ತೀನಿ" ಎಂದು ಹಾಳೆಯನ್ನು ಸೀರೆಯ ಕವರಿನಲ್ಲಿ ಸುತ್ತಿಕೊಂಡು ಬಂದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಡಾಕ್ಟರಮ್ಮನ ರೂಮಿನಲ್ಲಿ ಇನ್ನೊಂದು ತಾಪತ್ರಯ. ಫಿಲಂ ಹಿಡಿದು ನೋಡುವ ಬೆಳಕಿನ ಪೆಟ್ಟಿಗೆಯನ್ನು ಎಂದೋ ಗುಜರಿಗೆ ಹಾಕಿದ್ದರು. ಹೊರಗೆ ಮೋಡ, ಕಿಟಕಿಯ ಬೆಳಕು ಸಾಲದು. ಡಾಕ್ಟರಮ್ಮ ಒಂದು ಕ್ಷಣ ಅತ್ತಿತ್ತ ನೋಡಿ, ಕಂಪ್ಯೂಟರಿನಲ್ಲಿ ಏನೂ ಬರೆಯದ ಖಾಲಿ ಪುಟವೊಂದನ್ನು ತೆರೆದು ಪರದೆಯ ತುಂಬ ದೊಡ್ಡದು ಮಾಡಿದರು. ಪರದೆ ಬೆಳ್ಳಗೆ ಬೆಳಗಿತು. ಹಳೆಯ ಫಿಲಂ ಅದರ ಮೇಲಿಟ್ಟು ಹಿಡಿದರು. ನಾನು ಉಳಿದ ನೀಲಿಯನ್ನು ಒರೆಸಿದೆ. ಚಿಕ್ಕತಾಯಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಬಣ್ಣದ ಕೆಳಗೆ ಚುಕ್ಕೆ ಇತ್ತು. ಅಲ್ಲೇ, ಅಷ್ಟೇ.

ಡಾಕ್ಟರಮ್ಮ ಹೊಸ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಪಕ್ಕದಲ್ಲಿಟ್ಟು, ಪಕ್ಕೆಲುಬಿನ ಅಗಲಕ್ಕೆ ಹೋಲಿಸಿ ಅಳೆದು ನೋಡಿದರು, ಮತ್ತೆ ಅಳೆದರು. "ಹಾರ್ಟ್ ಇಲ್ಲ, ಆದ್ರೆ ನಮಗೆ ಬೇಕಾದ್ದು ಇದೆ" ಎಂದು ನಕ್ಕರು. "ಇಷ್ಟು ವರ್ಷದ ಫಿಲಂ ಒಂಚೂರೂ ಹಳದಿಯಾಗಿಲ್ವಲ್ಲ!" ಎಂದು ಅವರು ಬೆರಗಾದಾಗ ನನಗೆ ರಾಮಲಿಂಗಯ್ಯನವರ ತುಂಬಿದ ಬಾಯಿ ಕಣ್ಮುಂದೆ ಬಂತು. ಅವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಹೇಳೋಣವೆಂದರೆ ಅವರಿಲ್ಲವಲ್ಲ ಎಂದು ಸಂಕಟವಾಯಿತು. ಡಾಕ್ಟರಮ್ಮ ಎರಡೂ ಚಿತ್ರಗಳ ಫೋಟೋ ಹಿಡಿದು ಮೊಬೈಲಿನಲ್ಲೇ ಮೈಸೂರಿಗೆ ಕಳಿಸಿದರು. ಮಧ್ಯಾಹ್ನದೊಳಗೆ ಉತ್ತರ ಬಂತು: ಸೂಜಿ ಬೇಡ, ವರ್ಷ ಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆಸಿದರೆ ಸಾಕು. ಆ ಕೆಲಸಕ್ಕೆ ಹಿಂದಿನ ಕಾಲದಲ್ಲಾಗಿದ್ದರೆ ಬಸ್ಸಿನಲ್ಲಿ ಎರಡು ಸಲ ಓಡಾಡಬೇಕಿತ್ತು.

ಚಿಕ್ಕತಾಯಮ್ಮ ಅತ್ತು, ಮೂಗೊರೆಸಿಕೊಂಡು, ಫಿಲಂಗೆ ಕೈ ಚಾಚಿದಳು. "ಕೊಡು ಕಣಕ್ಕ, ಮೂಟೆಗೆ ಗುರ್ತು ಆಕ್ಬೇಕು. ಮಂಡಿಗೆ ಓಗೋ ಒತ್ತು."

"ನಿಂಗೇನ್ ತಲೆ ಕೆಟ್ಟಿದ್ಯೇನೇ? ಇದನ್ನ ಸೀರೆ ಜೊತೆ ಟ್ರಂಕಲ್ಲಿಡು" ಎಂದು ಬೈದೆ.

"ಮತ್ತೆ ಗುರ್ತಿಗೆ?"

ಈಗ ಅಂಥ ಹಾಳೆ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಟೈಲರ್ ಹೇಳಿದ್ದು ನಿಜವೇ. ಅವಳನ್ನು ಮನೆಗೆ ಕರೆದೊಯ್ದು ಬೀರು ತೆಗೆದೆ. ನಾನೇ ತೆಗೆದು ನಾನೇ ತೊಳೆದ ನನ್ನ ಮೊಣಕಾಲಿನ ಫಿಲಂ ಒಂದಿತ್ತು. ಹಳೆಯದರ ಮೇಲಿಟ್ಟು, ಎರಡು ಗರಿಯ ಜಲ್ಲೆಯನ್ನು ಬ್ಲೇಡಿನಲ್ಲಿ ಕೊರೆದು ಕೊಟ್ಟೆ.

ವರ್ಷ ಕಳೆದ ಮೇಲೆ ನಾನು ನಿವೃತ್ತಳಾಗಿ ಮನೆಯಲ್ಲಿದ್ದಾಗ ಅವಳ ಫೋನು ಬಂತು. ಈ ಸಲ ಎಕ್ಸ್‌ರೇ ತೆಗೆದವಳು ನನ್ನ ಜಾಗಕ್ಕೆ ಬಂದ ಹುಡುಗಿ. "ಅಷ್ಟೇ ಅದೆಯಂತೆ ಕಣಕ್ಕ. ಬೆಳ್ದಿಲ್ವಂತೆ" ಎಂದು ಕಿರುಚಿದಳು. ಅವಳೇ ಮುಂದುವರಿಸಿದಳು: "ನಿನ್ ಮೊಣ್ಕಾಲು ಎಂಗದೆ?"

"ನೋವು ಇದ್ದೇ ಇದೆ" ಎಂದೆ.

"ಇಲ್ಲಿ ಚೆಂದಾಗದೆ ಬುಡು. ಇವತ್ತೂ ಮೂಟೆ ಮ್ಯಾಲೆ ಮಂಡಿಗೆ ಓಯ್ತು."